ಬಂಡೀಪುರದಲ್ಲಿ ಎಲ್ಲಿ ಉಳ್ಕೊಳೋದು? ಐದು ಕಡೆ ಮಲಗಿ ನೋಡಿ ಹೇಳ್ತಿದೀನಿ

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಕಾಡೊಳಗಿರೋ ಫಾರೆಸ್ಟ್ ಡಿಪಾರ್ಟ್‌ಮೆಂಟ್ ಕಾಟೇಜಿಗೆ. ಅದು ಸಿಗ್ಲಿಲ್ಲ ಅಂದ್ರೆ ಗುಂಡ್ಲುಪೇಟೆ ಲಾಡ್ಜು. ಮಿಕ್ಕಿದ್ದೆಲ್ಲ ಆಮೇಲೆ. ಯಾಕೆ ಅಂದ್ರೆ ದೊಡ್ಡ ಕಥೆ ಇದೆ, ಅದ್ರಲ್ಲಿ ಮುಕ್ಕಾಲು ಪಾಲು ನಾನೇ ಮಾಡ್ಕೊಂಡ ಒಂದು ಎಡವಟ್ಟು ಬುಕಿಂಗ್‌ದು.

ನಾವು ಹೋಗೋದು ನಾಲ್ಕು ಜನ. ನಾನು, ನನ್ನ ಹೆಂಡ್ತಿ, ಎಂಟು ವರ್ಷದ ಮಗಳು, ಮತ್ತೆ ನಮ್ಮಮ್ಮ. ಅಮ್ಮನಿಗೆ ಮಂಡಿ ನೋವು, ಮಗಳಿಗೆ ಕಾರಲ್ಲಿ ವಾಂತಿ, ನನಗೆ ಶುಕ್ರವಾರ ಸಂಜೆ ತನಕ ಕೆಲಸ. ಇಷ್ಟು ತಲೇಲಿಟ್ಕೊಂಡು ಮುಂದಕ್ಕೆ ಓದಿ, ನಿಮ್ಮ ಲೆಕ್ಕ ಬೇರೆ ಇರ್ಬೋದು.

2024ರ ಬೇಸಿಗೆ ರಜೆ ಮುಗಿಯೋಕೆ ಬಂದಿತ್ತು, ಮಗಳು ಆನೆ ಆನೆ ಅಂತ ಪ್ರಾಣ ತಿಂತಿದ್ಲು. ಆಪಲ್ಲಿ ಬಂಡೀಪುರ ಅಂತ ಹಾಕಿದ್ರೆ ಸಾಲಾಗಿ ರೆಸಾರ್ಟ್ ಬಂದ್ವು. ಅದ್ರಲ್ಲೊಂದು ಫೋಟೋಲಿ ಚೆನ್ನಾಗಿತ್ತು, ಹೆಸರಲ್ಲೇ ಬಂಡೀಪುರ ಅಂತಿತ್ತು, ಎರಡು ರೂಮು ತಿಂಡಿ ಸೇರಿ ಒಂಬತ್ತು ಸಾವಿರದ ಚಿಲ್ಲರೆ. ತಕ್ಷಣ ದುಡ್ಡು ಕಟ್ಟಿದೆ. ಮಾರನೇ ದಿನ ಬೆಳಗ್ಗೆ ಆರೂಕಾಲರ ಸಫಾರಿಗೂ ಆನ್‌ಲೈನಲ್ಲೇ ಟಿಕೆಟ್ ತಗೊಂಡೆ. ಎಂಥಾ ಪ್ಲ್ಯಾನಿಂಗು ಅಂತ ನನ್ನ ಬೆನ್ನು ನಾನೇ ತಟ್ಕೊಂಡೆ.

ಮ್ಯಾಪ್ ಹಾಕ್ಕೊಂಡು ಹೊರಟ್ವಿ. ಗುಂಡ್ಲುಪೇಟೆ ಆಯ್ತು, ಹಂಗಳ ಆಯ್ತು, ಸಫಾರಿ ಕೌಂಟರ್ ಇರೋ ಮೇಲುಕಾಮನಹಳ್ಳಿನೂ ಆಯ್ತು, ಕಾಡೊಳಗೆ ಬಂದ್ವಿ, ಫಾರೆಸ್ಟ್ ಡಿಪಾರ್ಟ್‌ಮೆಂಟಿನ ಬಂಡೀಪುರ ಕ್ಯಾಂಪಸ್ಸೂ ಹಿಂದೆ ಹೋಯ್ತು, ಮ್ಯಾಪಿನ ಹೆಂಗಸು ಮಾತ್ರ ನೇರ ಹೋಗಿ ನೇರ ಹೋಗಿ ಅಂತಾನೇ ಇದಾಳೆ. ಅಮ್ಮ ಹಿಂದಿನ ಸೀಟಿಂದ "ಊಟಿಗ್ ಹೋಗ್ತಿದೀವೇನೋ?" ಅಂದ್ರು. ನಾನು ಇಲ್ಲಮ್ಮ ಇಲ್ಲೇ ಬಂತು ಅಂದೆ. ಕೆಕ್ಕನಹಳ್ಳ ಬಂತು. ಕರ್ನಾಟಕ ಮುಗೀತು.

ನಾನು ಬುಕ್ ಮಾಡಿದ್ದ 'ಬಂಡೀಪುರ' ರೆಸಾರ್ಟ್ ಇದ್ದಿದ್ದು ಮಸಿನಗುಡಿಲಿ. ತಮಿಳುನಾಡು, ನೀಲಗಿರಿ ಜಿಲ್ಲೆ.

ಚೆಕ್‌ಪೋಸ್ಟಲ್ಲಿ ಇ-ಪಾಸ್ ಕೇಳಿದ್ರು. ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ 7ರಿಂದ ನೀಲಗಿರಿ ಜಿಲ್ಲೆಗೆ ಹೊರಗಿನ ಗಾಡಿ ಹೋಗ್ಬೇಕಂದ್ರೆ ಅದು ಬೇಕು, ದುಡ್ಡೇನಿಲ್ಲ, ಆನ್‌ಲೈನಲ್ಲಿ ಮಾಡ್ಕೊಂಡ್ರೆ ಐದು ನಿಮಿಷದ ಕೆಲಸ. ಆದ್ರೆ ಅದು ಮನೆಲಿ ಕೂತ್ಕೊಂಡು ಮಾಡಿದ್ರೆ. ಕಾಡಲ್ಲಿ ನನ್ನ ಫೋನಿಗೆ ಒಂದು ಕಡ್ಡಿ ಸಿಗ್ನಲ್ಲು, ಅದೂ ಬಂದು ಹೋಗಿ ಬಂದು ಹೋಗಿ, ಓಟಿಪಿ ಬರೋ ಹೊತ್ತಿಗೆ ಪೇಜೇ ಎಕ್ಸ್‌ಪೈರು. ಹೆಂಡ್ತಿ ಫೋನಿಂದ ನೋಡಿದ್ವಿ, ಅದ್ರಲ್ಲಿ ಸಿಗ್ನಲ್ ಇದೆ ಚಾರ್ಜ್ ಇಲ್ಲ. ನಲವತ್ತು ನಿಮಿಷ. ಹಿಂದಿನ ಗಾಡಿಯವ್ರೆಲ್ಲ ಫೋನಲ್ಲಿ ತೋರಿಸಿ ತೋರಿಸಿ ಮುಂದಕ್ಕೆ ಹೋಗ್ತಿದ್ರು, ನಾನು ರೋಡ್ ಸೈಡಲ್ಲಿ ಕೈ ಮೇಲೆತ್ಕೊಂಡು ನಿಂತಿದ್ದೆ.

ಅದು ಮುಗೀತು ಅನ್ನೋವಾಗ ಡಿಕ್ಕಿ ತೆಗೀರಿ ಅಂದ್ರು. ನೀಲಗಿರಿಗೆ ಪ್ಲಾಸ್ಟಿಕ್ ನೀರಿನ ಬಾಟ್ಲಿ ಒಯ್ಯಂಗಿಲ್ಲ, ನಾನು ಮೈಸೂರಲ್ಲಿ ಒಂದು ಡಜನ್ ತಗೊಂಡಿದ್ದೆ. ಅವ್ರ ತಪ್ಪಲ್ಲ, ರೂಲ್ ಒಳ್ಳೇದೇ, ಇಲ್ಲಿಗೆ ಬರ್ತೀನಿ ಅಂತ ಗೊತ್ತಿದ್ರೆ ತಾನೇ ನಾನು ತಯಾರಾಗಿ ಬರೋದು. ಅಮ್ಮ ಏನೂ ಮಾತಾಡದೆ ಸ್ಟೀಲ್ ಡಬ್ಬಿಲಿದ್ದ ಚಕ್ಕುಲಿ ಎಲ್ಲಾ ಪೇಪರ್ ಮೇಲೆ ಸುರಿದು, ಎರಡೆರಡೇ ಬಾಟ್ಲಿ ನೀರು ಅದಕ್ಕೆ ಬಗ್ಗಿಸಿಕೊಂಡ್ರು. ಎರಡು ದಿನ ಕುಡಿದ ನೀರಲ್ಲೆಲ್ಲ ಓಂಕಾಳು, ಕರಿದ ಎಣ್ಣೆ ವಾಸನೆ, ಮೇಲೆ ಸಣ್ಣ ಸಣ್ಣ ಎಣ್ಣೆ ಕಣ್ಣು ತೇಲ್ತಿತ್ತು.

ಸರಿ, ಹೋಗಿ ಸೇರಿದ್ವಿ. ರೂಮು ಪರವಾಗಿಲ್ಲ. ಮ್ಯಾನೇಜರನ್ನ ಏನ್ ಸಾರ್ ಇದು ಬಂಡೀಪುರ ಅಂತ ಹಾಕಿದೀರಲ್ಲ ಅಂದ್ರೆ "ಇಲ್ಲಿ ಎಲ್ರೂ ಹಂಗೇ ಹಾಕೋದು ಸಾರ್" ಅಂದ್ರು, ಕನ್ನಡದಲ್ಲೇ. ಬೆಳಗ್ಗೆ ಸಫಾರಿಗೆ ಹೋಗ್ಬೇಕು ಅಂದಾಗ ಮಾತ್ರ ಅವ್ರೂ ಸ್ವಲ್ಪ ತಲೆ ಕೆರ್ಕೊಂಡ್ರು. ಯಾಕಂದ್ರೆ ಕಾಡಿನ ರಸ್ತೆ ರಾತ್ರಿ ಒಂಬತ್ತಕ್ಕೆ ಮುಚ್ಚಿದ್ರೆ ಬೆಳಗ್ಗೆ ಆರಕ್ಕೇ ತೆಗೆಯೋದು. 2009ರಿಂದ ಇದೇ ನಿಯಮ, ರಾತ್ರಿ ಗಾಡಿಗೆ ಸಿಕ್ಕಿ ಪ್ರಾಣಿ ಸಾಯ್ತಿದ್ವು ಅಂತ. ಬೇಕೇ ಬೇಕಾದ ನಿಯಮ. ಆದ್ರೆ ನಾನಿರೋದು ಗೇಟಿಂದ ಆ ಕಡೆ, ಸಫಾರಿ ಇರೋದು ಈ ಕಡೆ. ಐದೂವರೆಗೇ ಎದ್ದು ನಿದ್ದೆಗಣ್ಣಲ್ಲಿ ಮಗಳನ್ನ ಎತ್ತಾಕ್ಕೊಂಡು ಬಂದು ಕ್ಯೂಲಿ ನಿಂತ್ವಿ, ಆರಕ್ಕೆ ಬಿಟ್ರು, ತೆಪ್ಪಕಾಡು ದಾಟಿ ಬಂಡೀಪುರ ದಾಟಿ ದಾರಿಯುದ್ದಕ್ಕೂ ಹಂಪ್ ಹಾರಿಸ್ಕೊಂಡು (ಕಾಡಲ್ಲಿ ಜೋರಾಗಿ ಓಡ್ಸೋ ಹಂಗೂ ಇಲ್ಲ, ಓಡ್ಸಲೂ ಬಾರ್ದು) ಮೇಲುಕಾಮನಹಳ್ಳಿಗೆ ಬರೋ ಹೊತ್ತಿಗೆ ನಮ್ಮ ಬಸ್ಸು ಹೊರಟು ಅರ್ಧ ಗಂಟೆ ಆಗಿತ್ತು. ಮಗಳು ಅಲ್ಲೇ ವಾಂತಿ ಮಾಡ್ಕೊಂಡ್ಲು.

ಇನ್ನೊಂದು. ಆ ರೆಸಾರ್ಟ್ ಹುಡುಗ ರಾತ್ರಿ ಬಂದು ಜೀಪಲ್ಲಿ ನೈಟ್ ಸಫಾರಿ ಇದೆ, ಎರಡೂವರೆ ಸಾವಿರ ಅಂದ. ಬಂಡೀಪುರದಲ್ಲೂ ಇಲ್ಲ, ಪಕ್ಕದ ತಮಿಳುನಾಡಿನ ಕಾಡು ಮುದುಮಲೈಯಲ್ಲೂ ಇಲ್ಲ ಅಂಥದ್ದು. ಜನ ಓಡಾಡೋ ರಸ್ತೇಲೇ ಲೈಟ್ ಬಿಟ್ಕೊಂಡು ಪ್ರಾಣಿಗಳ ಕಣ್ಣು ಕುಕ್ಕಿಸ್ಕೊಂಡು ಒಂದು ಸುತ್ತು ಹಾಕೋದು, ಅಷ್ಟೇ. ಯಾರು ಕರೆದ್ರೂ ಹೋಗ್ಬೇಡಿ.

ಇದಕ್ಕೆಲ್ಲ ಮದ್ದು ಬಲು ಸುಲಭ, ನನಗೆ ಆಮೇಲೆ ಹೊಳೀತು. ದುಡ್ಡು ಕಟ್ಟೋ ಮುಂಚೆ ಅಡ್ರೆಸ್ಸಲ್ಲಿ ಪಿನ್‌ಕೋಡ್ ನೋಡಿ. 571ರಿಂದ ಶುರುವಾದ್ರೆ ನಮ್ಮ ಕಡೆ. 643 ಅಂತಿದ್ರೆ ನೀಲಗಿರಿ. ಮಸಿನಗುಡಿ ಕೆಟ್ಟ ಜಾಗ ಅಂತ ಹೇಳ್ತಿಲ್ಲ ಮತ್ತೆ, ಬೆಟ್ಟದ ಸಾಲು ಎದುರಿಗೇ ನಿಂತಿರುತ್ತೆ, ತೆಪ್ಪಕಾಡಲ್ಲಿ ಆನೆ ಕ್ಯಾಂಪ್ ಇದೆ, ಮುದುಮಲೈ ಸಫಾರಿನೂ ಅಲ್ಲಿಂದಾನೇ. 36 ತಿರುವಿನ ದಾರೀಲಿ ಊಟಿಗೆ ಹತ್ತೋರಿಗೆ ಅದೇ ಸರಿ. ಬಂಡೀಪುರ ನೋಡೋಕೆ ಅಲ್ಲಿ ಮಲಗೋದು ಮಾತ್ರ ದಂಡ.

ಅದಾದ್ಮೇಲೆ ಮಳೆಗಾಲದಲ್ಲಿ ಹೋಗಿದ್ದು ಗುಂಡ್ಲುಪೇಟೆ ಲಾಡ್ಜಿಗೆ. ಶುಕ್ರವಾರ ನಾಲ್ಕೂವರೆಗೆ ಬೆಂಗಳೂರು ಬಿಟ್ಟು, ಮೈಸೂರಲ್ಲಿ ಊಟ ಮುಗ್ಸಿ ಗುಂಡ್ಲುಪೇಟೆ ಮುಟ್ಟಿದಾಗ ಒಂಬತ್ತೂಕಾಲು. ಅಂದ್ರೆ ಗೇಟ್ ಆಗ್ಲೇ ಹಾಕಿತ್ತು, ಕಾಡೊಳಗೆ ರೂಮ್ ಮಾಡಿದ್ರೂ ಹೋಗೋಕಾಗ್ತಿರ್ಲಿಲ್ಲ. ಕೆಲಸ ಮುಗ್ಸಿ ಹೊರಡೋರಿಗೆ ಇದು ದೊಡ್ಡ ಪಾಯಿಂಟು. ರೂಮಿಗೆ ಸಾವಿರದ ನಾನೂರು, ಬೆಡ್‌ಶೀಟ್ ಒಗೆದಿತ್ತು, ಬಾತ್‌ರೂಮಲ್ಲಿ ಒಂದು ಹಲ್ಲಿ. ಬಿಸಿನೀರು ಆರರಿಂದ ಎಂಟು, ನಾವು ಹೊರಡೋದು ಐದೂವರೆಗೆ, ಸ್ನಾನ ಆಗದೆ ಅಮ್ಮ ಹೊಸಲು ದಾಟಲ್ಲ, ತಣ್ಣೀರಲ್ಲೇ ಮಿಂದು ಬಂದು ನನ್ನ ಕಡೆ ಒಂದು ನೋಟ ಬಿಟ್ರು. ಅಲಾರಂ ಬೇಡ, ಗೇಟ್ ತೆಗೆಯೋದನ್ನ ಕಾಯ್ತಾ ರಾತ್ರಿಯೆಲ್ಲ ನಿಂತಿದ್ದ ಲಾರಿಗಳು ಬೆಳಗಿನ ಜಾವ ಒಂದೊಂದಾಗಿ ಸ್ಟಾರ್ಟ್ ಆಗ್ತವೆ, ಅದೇ ಸಾಕು. ಅಲ್ಲಿಂದ ಸಫಾರಿ ಕೌಂಟರಿಗೆ ಅರ್ಧ ಗಂಟೆನೂ ಬೇಡ. ಆರೂಕಾಲರ ಬಸ್ಸು ಆರಾಮಾಗಿ ಸಿಕ್ತು.

ವಾಪಸ್ ಬರ್ತಾ ಹಂಗಳದ ಹತ್ರ ತಿರುಗಿ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೂ ಹೋದ್ವಿ. 1,454 ಮೀಟರ್ ಎತ್ತರ, ನಮ್ಮ ಗಾಡಿ ಕೆಳಗೇ ಬಿಟ್ಟು ಕೆಎಸ್‌ಆರ್‌ಟಿಸಿ ಬಸ್ಸಲ್ಲಿ ಹತ್ಬೇಕು. ಆ ಟೈಮಲ್ಲಿ ಹೊಲ ತುಂಬಾ ಸೂರ್ಯಕಾಂತಿ, ಚೆಂಡು ಹೂವು. ಅಮ್ಮನಿಗೆ ಹುಲಿ ಕಾಣದೇ ಇದ್ದಿದ್ದು ಮರ್ತೇ ಹೋಯ್ತು.

ಬಂಡೀಪುರದ ಹತ್ರಾನೇ ಇರೋ ಮಂಗಲ ಅನ್ನೋ ಹಳ್ಳಿ ಕಡೆಯ ರೆಸಾರ್ಟುಗಳ ಬಗ್ಗೆ ಒಂದೇ ಮಾತು: ಈಜುಕೊಳ ಬೇಕಂದ್ರೆ ಹೋಗಿ. ನಮ್ಮ ಭಾವನ ಕಡೆಯವ್ರ ಜೊತೆ ಒಂದು ರಾತ್ರಿ ಇದ್ವಿ, ಮಕ್ಕಳು ನೀರಿಂದ ಆಚೆ ಬರ್ಲಿಲ್ಲ, ಸಫಾರಿಗೂ ಬರ್ಲಿಲ್ಲ. ಅಮ್ಮ "ಈಜಕ್ಕೆ ಇಷ್ಟು ದೂರ ಬರ್ಬೇಕಿತ್ತಾ?" ಅಂದ್ರು.

ಜಂಗಲ್ ಲಾಡ್ಜಸ್‌ನವ್ರ ಬಂಡೀಪುರ ಸಫಾರಿ ಲಾಡ್ಜಲ್ಲಿ ಮದ್ವೆಗೆ ಮುಂಚೆ ಆಫೀಸಿನವ್ರ ಜೊತೆ ಇದ್ದೆ. ಸರ್ಕಾರದ್ದೇ ಸಂಸ್ಥೆ, ಮೇಲುಕಾಮನಹಳ್ಳಿಲೇ ಇದೆ. ಮಧ್ಯಾಹ್ನ ಊಟ, ಸಂಜೆ ಜೀಪ್, ರಾತ್ರಿ ಬೆಂಕಿ ಸುತ್ತ ಕೂತು ಊಟ, ಬೆಳಗ್ಗೆ ಮತ್ತೆ ಜೀಪ್, ನಾವು ತಲೆ ಕೆಡಿಸ್ಕೊಳೋದೇ ಇಲ್ಲ. ಜೊತೆಗೆ ಬರೋ ನ್ಯಾಚುರಲಿಸ್ಟ್ ಹಕ್ಕಿ ಕೂಗಿಂದಾನೇ ಹೆಸರು ಹೇಳ್ತಿದ್ರು. ಫೋಟೋ ತೆಗೆಯೋ ಹುಚ್ಚಿರೋರು, ಹುಲಿಗೇ ಅಂತ ಬರೋರು ಬೇರೆ ಎಲ್ಲೂ ನೋಡ್ಬೇಡಿ. ಆದ್ರೆ ತಲೆಗಿಷ್ಟು ಅಂತ ಲೆಕ್ಕ, ನಮ್ಮ ನಾಲ್ಕು ತಲೆಗೆ ಹಾಕಿದ್ರೆ ನನ್ನ ಜೇಬು ತಡೆಯಲ್ಲ. ಹುಲಿ ಅಂತೂ ರೂಮ್ ಬಾಡಿಗೆ ನೋಡ್ಕೊಂಡು ಬರಲ್ಲ. ಅಲ್ಲಿ ಎರಡು ಸಫಾರಿಲೂ ನನಗೆ ಕಾಣ್ಲಿಲ್ಲ, ಕಂಡಿದ್ದು ಡಿಪಾರ್ಟ್‌ಮೆಂಟಿನ ಬಸ್ಸಲ್ಲಿ, ಅದೂ ಲಂಟಾನ ಪೊದೆಯಿಂದ ಪೊದೆಗೆ ದಾಟೋ ನಾಲ್ಕು ಸೆಕೆಂಡು.

ಇನ್ನು ನನ್ನ ಕಾಟೇಜು. ಆ ಸಲ ಒಂದು ಗುರುವಾರ ರಜೆ ಹಾಕಿ ಹೋದ್ವಿ, ಯಾಕಂದ್ರೆ ಶನಿವಾರ ಭಾನುವಾರಕ್ಕೆ ರೂಮ್ ಸಿಗೋದು ಕಷ್ಟ, ಆನ್‌ಲೈನಲ್ಲಿ ಮುಂಚೆನೇ ಕಾದು ಕೂತಿರ್ಬೇಕು. ಹೆದ್ದಾರಿ ಪಕ್ಕದಲ್ಲೇ ಕ್ಯಾಂಪಸ್ಸು, ಹೊರಗಿಂದ ನೋಡಿದ್ರೆ ಹಳೇ ಕಾಲದ ಸರ್ಕಾರಿ ಕ್ವಾರ್ಟರ್ಸ್ ತರ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರನೂ ಒಂದು, ಆ ಬಿಲ್ಡಿಂಗ್‌ಗಳು ಅವತ್ತಿಂದಾನೇ ನಿಂತಿದಾವೇನೋ ಅನ್ಸುತ್ತೆ. ಊಟ ಮೊದ್ಲೇ ಹೇಳಿಡ್ಬೇಕು, ಅನ್ನ ಸಾರು ಚಪಾತಿ ಪಲ್ಯ, ಬಿಸಿ ಬಿಸಿ. ಟಿವಿ ಇತ್ತೋ ಇಲ್ವೋ ನೆನಪೇ ಇಲ್ಲ.

ಸಂಜೆ ಜಗಲಿ ಮೇಲೆ ಕೂತಿದ್ವಿ. ಹೆದ್ದಾರೀಲಿ ಕೇರಳದ ಗಾಡಿ, ಊಟಿ ಬಸ್ಸು, ಲಾರಿ, ಒಂದೇ ಸಮ ಸದ್ದು. ಥೂ ಇಲ್ಲೂ ಇದೇ ಗೋಳಾ ಅಂದ್ಕೊಂಡೆ. ಎಂಟೂವರೆ ಆಯ್ತು, ಸದ್ದು ತೆಳ್ಳಗಾಯ್ತು. ಒಂಬತ್ತಕ್ಕೆ ಕೊನೇ ಲಾರಿ ಏರು ಹತ್ತಿ ಹೋಗಿದ್ದು ಕೇಳಿಸ್ತು, ಆಮೇಲೆ ಏನೂ ಇಲ್ಲ. ಏನೂ ಅಂದ್ರೆ ಏನೂ ಇಲ್ಲ. ನನ್ನ ಸಫಾರಿ ಕೆಡಿಸಿದ್ದೂ ಇದೇ ಗೇಟು, ಈಗ ಅದ್ರ ಒಳಗಡೆ ಸೇರ್ಕೊಂಡು ಕೂತಿದ್ದೆ.

ಸ್ವಲ್ಪ ಹೊತ್ತಿಗೆ ಕಿಟಕಿ ಹತ್ರ ಪರ ಪರ ಅಂತ ಶಬ್ದ. ಒಳಗಿನ ಲೈಟ್ ಆರಿಸಿ ನೋಡಿದ್ರೆ ಅಂಗಳದ ತುಂಬಾ ಜಿಂಕೆ, ಹುಲ್ಲು ಕಿತ್ತು ಕಿತ್ತು ತಿಂತಿದಾವೆ, ಶಬ್ದ ಅದೇ. ಮನುಷ್ಯರಿರೋ ಕಡೆ ಹುಲಿ ಚಿರತೆ ಬರೋದು ಕಮ್ಮಿ ಅಂತ ರಾತ್ರಿ ಇಲ್ಲಿಗೆ ಬಂದು ಸೇರ್ತವಂತೆ. ಒಂದು ಗಂಡು ಜಿಂಕೆ ಕಿಟಕಿಯಿಂದ ಎರಡು ಮಾರು ದೂರದಲ್ಲಿ ನಿಂತು ಮೆಲುಕು ಹಾಕ್ತಿತ್ತು, ಕತ್ತಿನೊಳಗಿಂದ ಉಂಡೆ ಮೇಲಕ್ಕೆ ಬರೋದು ಬೆಳದಿಂಗಳಲ್ಲಿ ಕಾಣೋದು. ಮಗಳು ಸರಳು ಹಿಡ್ಕೊಂಡು ಉಸಿರು ಬಿಡದೆ ನೋಡ್ತಿದ್ಲು. ನಿಮಿಷಕ್ಕೊಂದು ಸಲ ಮೊಬೈಲ್ ಕೇಳೋ ಮಗು.

ಹನ್ನೊಂದರ ಹೊತ್ತಿಗೆ ಎಲ್ಲಾ ಒಂದೇ ಸಲ ತಲೆ ಎತ್ತಿದ್ವು. ಒಂದು ಜೋರಾಗಿ ಕೂಗ್ತು. ಅಮ್ಮ ಬಾಗಿಲು ತೆಗೆದು ಇಣುಕಿದ್ರೆ ವಾಚರ್ ಟಾರ್ಚ್ ಹಿಡ್ಕೊಂಡು ಅಲ್ಲೇ ಗೋಡೆ ಮಗ್ಗುಲಲ್ಲಿದ್ರು. "ಅವ್ವಾ, ಒಳೀಕ್ ನಡೀರಿ, ಆನ ಬಂದದ" ಅಂದ್ರು, ಪಿಸುಮಾತಲ್ಲಿ, ಅದೂ ಪಕ್ಕದ ಮನೆ ಹಸು ಬಂದಿದೆ ಅನ್ನೋ ಥರ. ಆನೆ ನಮಗೆ ಕಾಣ್ಲಿಲ್ಲ. ಕೊಂಬೆ ಮುರಿಯೋ ಶಬ್ದ ಒಂದು ಗಂಟೆ ಕೇಳ್ತು. ಬೆಳಗ್ಗೆ ಎದ್ದು ನೋಡಿದ್ರೆ ದಾರೀಲಿ ಲದ್ದಿ, ಇನ್ನೂ ಹಬೆ ಆಡ್ತಿತ್ತು, ಅಮ್ಮ ಅದಕ್ಕೇ ಕೈ ಮುಗಿದ್ರು.

ಇದು ಎಲ್ರಿಗೂ ಆಗಲ್ಲ, ಒಪ್ಕೋತೀನಿ. ಕತ್ತಲಾದ್ಮೇಲೆ ಹೊರಗೆ ಕಾಲಿಡಂಗಿಲ್ಲ, ಕುಡಿಯೋ ಪಾರ್ಟಿ, ಹಾಡು ಗೀಡು ಏನೂ ಇಲ್ಲ, ರಾತ್ರಿ ಹತ್ತಕ್ಕೆ ಹಸಿವಾದ್ರೆ ಮನೆಯಿಂದ ತಂದಿದ್ದೇ ಗತಿ, ಮುಸುವ ಬಂದು ಬಾಳೆಹಣ್ಣು ಕಿತ್ಕೊಂಡು ಹೋಗ್ತವೆ. ನನ್ನ ತಮ್ಮನ್ನ ಕಳ್ಸಿದ್ರೆ ಒಂದೇ ಗಂಟೇಲಿ ಬೋರ್ ಅಂತ ಫೋನ್ ಹುಡುಕ್ತಾನೆ. ನಮಗೆ ಇದೇ ಬೇಕಿತ್ತು. ನಾಲ್ಕು ಜನಕ್ಕೆ ಉಳಿಯೋದು ಊಟ ಬಸ್ ಸಫಾರಿ ಎಲ್ಲಾ ಸೇರಿ ಆದ ಖರ್ಚು, ಆ ಮಸಿನಗುಡಿ ರೆಸಾರ್ಟಿನ ರೂಮು, ಹಾಳಾದ ಟಿಕೆಟ್ಟು, ಪೆಟ್ರೋಲು ಕೂಡಿದ್ದಕ್ಕಿಂತ ಕಮ್ಮಿ.

ಒಂದು ವಿಷ್ಯ ಮರೀಬೇಡಿ, ರೂಮ್ ಬುಕ್ ಮಾಡೋ ಮುಂಚೆ ಸಫಾರಿ ನಡೀತಿದ್ಯಾ ಅಂತ ಫೋನ್ ಮಾಡಿ ಕೇಳಿ. 2025ರ ನವೆಂಬರಲ್ಲಿ ಕಾಡಂಚಿನ ಜನರ ಮೇಲೆ ಹುಲಿ ದಾಳಿಗಳಾದ್ಮೇಲೆ ಬಂಡೀಪುರ, ನಾಗರಹೊಳೆ ಎರಡ್ರಲ್ಲೂ ಸಫಾರಿ ನಿಲ್ಲಿಸಿದ್ರು, ಮುಂಚೆನೇ ದುಡ್ಡು ಕಟ್ಟಿದ್ದೋರು ಪರದಾಡಿದ್ರು.

ನಮ್ಮ ಮುಂದಿನ ಸಲದ ಪ್ಲ್ಯಾನು: ಶುಕ್ರವಾರ ರಾತ್ರಿ ಗುಂಡ್ಲುಪೇಟೆ, ಶನಿವಾರ ಕಾಟೇಜ್ ಸಿಕ್ರೆ ಕಾಟೇಜ್, ಇಲ್ಲಾಂದ್ರೆ ಬೆಟ್ಟ ಹತ್ತಿ ವಾಪಸ್. ಅಮ್ಮ ಆಗ್ಲೇ ಇನ್ನೊಂದು ಸ್ಟೀಲ್ ಡಬ್ಬಿ ತರಿಸಿಟ್ಟಿದಾರೆ, ಚಕ್ಕುಲಿಗೊಂದು, ನೀರಿಗೊಂದು.