ಶೇ. 38 ಇದ್ದದ್ದು 6 ಆಯ್ತು, ಆದರೆ ಹೇಗೆ ಅಂತ ನೋಡಿ

ಸಂಶೋಧನಾ ಲೇಖನದ ‘ಸಾಮ್ಯತೆ (ಬೇರೆ ಬರಹಗಳ ಜೊತೆ ಶೇಕಡಾ ಎಷ್ಟು ಹೊಂದುತ್ತೆ ಅನ್ನೋ ಲೆಕ್ಕ) ಇಳಿಸಿಕೊಡ್ತೀವಿ’ ಅನ್ನೋರ ಕೈಗೆ ಹಸ್ತಪ್ರತಿ ಕೊಡಬೇಡಿ. ಕೊಟ್ಟು ಕೆಟ್ಟಿದ್ದೀನಿ, ನಾಚಿಕೆ ಬಿಟ್ಟು ಬರೀತಿದ್ದೀನಿ.

ನನ್ನ ಲೇಖನದ ಸಾಮ್ಯತೆ ಮೊದಲು ಶೇ. 38 ಇತ್ತು, ಅವರು ಮುಟ್ಟಿದ ಮೇಲೆ ರಿಪೋರ್ಟ್‌ನಲ್ಲಿ 6 ಬಂದಿದ್ದು ನಿಜ. ಆದರೆ ಫೈಲಲ್ಲಿ ‘ಮೆಥಡ್’ ಅನ್ನೋ ಇಂಗ್ಲಿಷ್ ಪದ ಹುಡುಕಿದರೆ ಒಂದೂ ಸಿಗಲ್ಲ! ಕಣ್ಣೆದುರಿಗೇ ಇದೆ, ಸಿಗಲ್ಲ. ‘ಇ’, ‘ಓ’ ಜಾಗದಲ್ಲಿ ನೋಡೋಕೆ ಥೇಟ್ ಹಾಗೇ ಇರೋ ಸಿರಿಲಿಕ್ (ರಷ್ಯನ್ ಭಾಷೆಯ ಲಿಪಿ) ಅಕ್ಷರ ಕೂರಿಸಿದ್ದಾರೆ. ಇಡೀ ಪಠ್ಯ ಸೆಲೆಕ್ಟ್ ಮಾಡಿ ಬಣ್ಣ ಕಪ್ಪು ಮಾಡಿದರೆ ಇನ್ನೊಂದು ಹೂರಣ: ಪದಗಳ ನಡುವೆ ಖಾಲಿ ಜಾಗದ ಬದಲು ಬಿಳಿ ಅಕ್ಷರಗಳು. ಸಾಮ್ಯತೆ ಹುಡುಕೋ ತಂತ್ರಾಂಶಕ್ಕೆ ಇಡೀ ಸಾಲು ಒಂದೇ ಅರ್ಥವಿಲ್ಲದ ಪದ. ಉಳಿದ ಕಡೆ ‘ಆರ್ಟಿಫಿಷಿಯಲ್ ಇಂಟೆಲಿಜೆನ್ಸ್’ ಹೋಗಿ ‘ಕೌಂಟರ್‌ಫೀಟ್ ಕಾನ್ಷಿಯಸ್‌ನೆಸ್’! ಇಂಥ ತಿರುಚಿದ ಪದಗಳನ್ನೇ ಹಿಡಿದು, ಪ್ರಕಟವಾದ ಲೇಖನಗಳನ್ನೂ ಜಾಲಾಡೋರು 2021ರಿಂದ ಇದ್ದಾರೆ.

ಕೇಳಿದ್ದಕ್ಕೆ ಉತ್ತರ: ‘ಸರ್, ಒಪ್ಪಿಕೊಂಡಿದ್ದು 6, ಬಂದಿದೆಯಲ್ಲ.’ ಮತ್ತೆ ಕೇಳಿದರೆ, ‘ಅದು ಫಾಂಟ್ ಪ್ರಾಬ್ಲಂ, ಪಿಡಿಎಫ್ ಮಾಡಿ ಕಳಿಸಿ.’ ಫಾಂಟ್ ಅಂತೆ! ಪಿಡಿಎಫ್ ಮಾಡಿದರೂ ಒಳಗಿನ ಅಕ್ಷರ ಸಂಕೇತ ಅದೇ. ಬದಲಾದ ಅಕ್ಷರ, ಅಡಗಿಸಿದ ಪಠ್ಯ ಎರಡನ್ನೂ ಟರ್ನಿಟಿನ್ ಅನ್ನೋ ಸಾಮ್ಯತೆ ತಂತ್ರಾಂಶ ಬೊಟ್ಟು ಮಾಡಿ ತೋರಿಸುತ್ತೆ. 38 ಇದ್ದಾಗ ‘ಅಜಾಗರೂಕತೆ’ ಅನ್ನಬಹುದಿತ್ತು, ಈಗ ಬೇಕಂತಲೇ ಮಾಡಿದ ಮೋಸ.

ಇನ್ನೊಂದು ಪೆಟ್ಟು. ಇವರು ಯಾವುದೋ ಸಂಸ್ಥೆಯ ಟರ್ನಿಟಿನ್ ಕ್ಲಾಸ್ ಖಾತೆಯಲ್ಲಿ ಪರೀಕ್ಷೆ ಮಾಡ್ತಾರೆ. ‘ನೋ ರೆಪಾಸಿಟರಿ’ (ಸಂಗ್ರಹಕ್ಕೆ ಸೇರಿಸಬೇಡ) ಆರಿಸದಿದ್ದರೆ ಬರಹ ಅದರ ಸಂಗ್ರಹದಲ್ಲೇ ಉಳಿಯುತ್ತೆ. ನಾಳೆ ನಿಮ್ಮದೇ ಮಹಾಪ್ರಬಂಧ ಟರ್ನಿಟಿನ್‌ಗೆ ಹೋದಾಗ ಆ ಭಾಗಕ್ಕೆ ನೀವೇ ಕಳ್ಳರು. ಅಳಿಸೋಕೆ ಆ ಖಾತೆಯವರೇ ಕೇಳಬೇಕು. ಅವರ್ಯಾರು? ‘ಅದು ಕಾನ್ಫಿಡೆನ್ಷಿಯಲ್ ಸರ್.’

38ಕ್ಕೆ ಹೆದರಿದ್ದೇ ತಪ್ಪು. ಆಕರಸೂಚಿ, ಉಲ್ಲೇಖಗಳನ್ನು ಫಿಲ್ಟರ್ ಹಾಕಿ ಲೆಕ್ಕದಿಂದ ಹೊರಗಿಟ್ಟು ಮತ್ತೆ ನೋಡಿ. ಚೂರುಪಾರು ಶೇ. 1ರ ಹೊಂದಾಣಿಕೆ ಎಷ್ಟಿದ್ದರೂ ಸಂಪಾದಕರು ಅಷ್ಟಾಗಿ ತಲೆಕೆಡಿಸಿಕೊಳ್ಳಲ್ಲ. ಚರ್ಚೆಯ ಭಾಗದಲ್ಲಿ ಒಂದೇ ಮೂಲದಿಂದ ಶೇ. 10 ಬಂದರೆ ಅದು ಗಂಭೀರ. ಅಂಥ ಪ್ಯಾರಾಕ್ಕೆ ಪದ ಬದಲಾಯಿಸಬೇಡಿ, ಮೂಲ ಲೇಖನ ನೋಡದೆ ಪಕ್ಕಕ್ಕಿಟ್ಟು ನಿಮ್ಮ ಮಾತಲ್ಲಿ ಬರೆದು ಆಕರ ಕೊಡಿ. ಸ್ವಂತ ಹಳೇ ಬರಹ ಬಳಸಿದ್ದರೆ ಕವರ್ ಲೆಟರ್‌ನಲ್ಲೇ ಹೇಳಿ.

ಪತ್ರಿಕೆಯಿಂದ ವಿವರಣೆ ಕೇಳಿ ಪತ್ರ ಬಂದಿದ್ದರೆ ಸುಮ್ಮನಿರಬೇಡಿ. ಸಂಶೋಧನಾ ಪ್ರಕಟಣೆಯ ನೈತಿಕತೆ ನೋಡೋ ಕೋಪ್ (COPE) ಸಂಸ್ಥೆಯ ಮಾರ್ಗಸೂಚಿ ಪ್ರಕಾರ ಮೊದಲು ಲೇಖಕರನ್ನೇ ಕೇಳ್ತಾರೆ, ಉತ್ತರ ಬರದಿದ್ದರೆ ನಿಮ್ಮ ಸಂಸ್ಥೆಗೆ ಬರೀತಾರೆ. ಮತ್ತೆ, ಇವರು ಮುಟ್ಟಿದ ಫೈಲನ್ನು ತಿದ್ದೋಕೆ ಕೂರಬೇಡಿ. ಒಂದು ಸಿರಿಲಿಕ್ ಅಕ್ಷರ ಉಳಿದರೂ ಸಿಕ್ಕಿಬೀಳ್ತೀರ. ಕಳಿಸೋ ಮುಂಚಿನ ಪ್ರತಿ ಇಟ್ಟುಕೊಂಡಿದ್ದೀರಲ್ಲ, ಅದನ್ನೇ ತೆಗೀರಿ.