ಅರ್ಧ ಇಂಚಿನ ಬ್ರೇಕರ್ ಬಾರ್, ಮೂರು ವರ್ಷದ ಬಳಕೆಯ ನಂತರ: ಪುಲ್ಲಿ ಬೋಲ್ಟಿಗೆ ಬೇಕೇ ಬೇಕು, ಹೆಡರ್ ನಟ್ಟಿಗೆ ಬೇಡ

ಬ್ರೇಕರ್ ಬಾರ್ ಅಂದರೆ ಕಚ್ಚಿಕೊಂಡ ಬೋಲ್ಟು, ನಟ್ಟು ಸಡಿಲಿಸುವ ಉದ್ದನೆಯ ಹಿಡಿಕೆ. ನನ್ನದು 24 ಇಂಚು ಉದ್ದ, ಸಾಕೆಟ್ ಸಿಕ್ಕಿಸಲು ಅರ್ಧ ಇಂಚಿನ ಚೌಕ, ಕ್ರೋಮ್ ವೆನೇಡಿಯಂ ಉಕ್ಕು, ಮಡಚುವ ತಲೆ. ರಾಚೆಟ್ಟಿನಲ್ಲಿ (ಒಂದೇ ಕಡೆಗೆ ಹಿಡಿದು ತಿರುಗಿಸುವ ಹಿಡಿಕೆಯಲ್ಲಿ) ಇರುವಂಥ ಹಲ್ಲು, ಸ್ಪ್ರಿಂಗ್ ಇದರೊಳಗೆ ಇಲ್ಲದ್ದರಿಂದ ಎಷ್ಟು ಜಗ್ಗಿದರೂ ಜಾರುವುದಿಲ್ಲ. ಮನೆಯಲ್ಲೇ ಕಾರಿನ ಎಂಜಿನ್ ಕೆಲಸ ಮಾಡುವವರಿಗೆ ಇದು ಒಳ್ಳೆಯ ಹತ್ಯಾರ. ಆದರೆ ಬೋಲ್ಟ್ ಕಚ್ಚಿದ ಕೂಡಲೇ ಎಲ್ಲದಕ್ಕೂ ಇದನ್ನೇ ಎತ್ತಿಕೊಂಡರೆ ಹತ್ತು ನಿಮಿಷದ ಕೆಲಸ ಎರಡು ದಿನಕ್ಕೆ ಹೋಗುತ್ತದೆ.

ಲೆಕ್ಕ ನೋಡಿ. ಕೈ ಹಿಡಿಯುವ ಜಾಗದಿಂದ ಚೌಕದ ನಡುವಿಗೆ ಸುಮಾರು 55 ಸೆಂಟಿಮೀಟರ್ ಸಿಗುತ್ತದೆ. ಹಳೆಯ ಸಿಆರ್-ವಿ, ಅಕಾರ್ಡ್‌ಗಳಲ್ಲಿದ್ದ ಹೋಂಡಾ ಕೆ24 ಎಂಜಿನ್ನಿನ ಕ್ರ್ಯಾಂಕ್ ಪುಲ್ಲಿ (ಎಂಜಿನ್ನಿನ ಬೆಲ್ಟ್ ತಿರುಗಿಸುವ ಗಾಲಿ) ಬೋಲ್ಟನ್ನು ಬಿಗಿಯುವುದೇ 245 ನ್ಯೂಟನ್ ಮೀಟರಿಗೆ (ತಿರುಚುವ ಬಲದ ಅಳತೆ). ಅಷ್ಟಕ್ಕೆ ಈ ಬಾರಿನ ತುದಿಯಲ್ಲಿ 45 ಕಿಲೋ ಬಲ ಬೇಕು. ವರ್ಷಗಟ್ಟಲೆ ಬಿಸಿ ಉಂಡು ಕೂತ ಬೋಲ್ಟಿಗೆ ಅದಕ್ಕಿಂತ ಹೆಚ್ಚೇ ಬೇಕಾಗುತ್ತದೆ. ಈಗ ಎಕ್ಸಾಸ್ಟ್ ಹೆಡರ್ (ಎಂಜಿನ್ನಿನ ಹೊಗೆ ಹೊರಗೆ ಒಯ್ಯುವ ಕೊಳವೆಗಳು) ಹಿಡಿದಿರುವ ಎಂ8 ಸ್ಟಡ್, ಅಂದರೆ 8 ಎಂಎಂ ದಪ್ಪದ ಥ್ರೆಡ್ ಇರುವ ಕಡ್ಡಿ ನೋಡಿ. 8.8 ದರ್ಜೆಯ ಎಂ8 ಸ್ಟಡ್ 35 ರಿಂದ 40 ನ್ಯೂಟನ್ ಮೀಟರ್ ಆಸುಪಾಸಿನಲ್ಲಿ ತಿರುಚಿಕೊಳ್ಳಲು ಶುರುಮಾಡುತ್ತದೆ. ಇದೇ ಬಾರಿನಲ್ಲಿ ಅದಕ್ಕೆ ಏಳು ಕಿಲೋ ಸಾಕು, ಅಂದರೆ ಅರ್ಧ ಬಿಂದಿಗೆ ನೀರು ಎತ್ತುವ ಬಲ. ಅಷ್ಟು ಬಲ ಹಾಕಿದ್ದು ಕೈಗೆ ಗೊತ್ತೂ ಆಗುವುದಿಲ್ಲ.

ಪುಲ್ಲಿ ಬೋಲ್ಟಿನ ಕೆಲಸದಲ್ಲಿ ಬಾರು ಪೂರ್ತಿ ಅಂಕ ಗಳಿಸುತ್ತದೆ, ಆದರೆ ಒಂಟಿಯಾಗಿ ಅಲ್ಲ. ಹೋಂಡಾ ಪುಲ್ಲಿಯ ನಡುವೆ 50 ಎಂಎಂ ಅಳತೆಯ ಆರು ಮೂಲೆಯ ಕುಳಿ ಇರುತ್ತದೆ. ಅದರೊಳಗೆ ಕೂರುವ ಪುಲ್ಲಿ ಹೋಲ್ಡರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಗೇರಿನಲ್ಲಿಟ್ಟು ಬ್ರೇಕ್ ತುಳಿದು ಪುಲ್ಲಿ ತಿರುಗದಂತೆ ಹಿಡಿಯುವ ಉಪಾಯ ಆಟೊಮ್ಯಾಟಿಕ್ ಗಾಡಿಯಲ್ಲಿ ನಡೆಯುವುದೇ ಇಲ್ಲ. ಮ್ಯಾನ್ಯುಯಲ್‌ನಲ್ಲೂ ಟೈರು, ಆಕ್ಸಲ್, ಎಂಜಿನ್ ಮೌಂಟ್ ಎಲ್ಲ ಅಷ್ಟಷ್ಟು ಬಾಗಿ ಬಲವನ್ನೆಲ್ಲ ನುಂಗಿಬಿಡುತ್ತವೆ. ಬಾರನ್ನು ಎಲ್ಲಿಗಾದರೂ ಆನಿಸಿ ಸ್ಟಾರ್ಟರ್ ಹೊಡೆಯುವ ವಿಧಾನವಂತೂ ಬೇಡವೇ ಬೇಡ. ಬಾರು ಜಾರಿದರೆ ಕೈ ಮುರಿಯುತ್ತದೆ.

ಬ್ಯಾಟರಿಯ ನೆಗೆಟಿವ್ ಕಳಚಿ, ಗಾಡಿಯನ್ನು ಜಾಕ್ ಮೇಲಲ್ಲ, ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರ ಬಿಚ್ಚಿ. ಹೋಲ್ಡರಿನ ಹಿಡಿಕೆ ಎಡಕ್ಕೆ ಬಂದು ನೆಲದ ಮೇಲಿನ ಮರದ ತುಂಡಿಗೆ ಆನಬೇಕು. ಅದರ ನಡುವಿನಿಂದ 19 ಎಂಎಂ 6 ಪಾಯಿಂಟ್ (ಒಳಗೆ ಆರು ಮೂಲೆಯ) ದಪ್ಪ ಗೋಡೆಯ ಇಂಪ್ಯಾಕ್ಟ್ ಸಾಕೆಟ್, ಉದ್ದ ಹೆಚ್ಚಿಸುವ ಎಕ್ಸ್‌ಟೆನ್ಶನ್, ಆಮೇಲೆ ಬಾರು. ಎಕ್ಸ್‌ಟೆನ್ಶನ್ನಿನ ಹೊರತುದಿಯ ಕೆಳಗೆ ಇನ್ನೊಂದು ಸ್ಟ್ಯಾಂಡ್ ಕೊಡುವುದನ್ನು ತುಂಬ ಜನ ಮರೆಯುತ್ತಾರೆ. ಅದಿಲ್ಲದಿದ್ದರೆ ಸಾಕೆಟ್ ಓರೆಯಾಗಿ ಬೋಲ್ಟಿನ ತಲೆಯ ಮೂಲೆಗಳನ್ನು ಸವೆಸುತ್ತದೆ. ಬಾರನ್ನು ಬಲಕ್ಕೆ ಇಟ್ಟುಕೊಂಡು ಎರಡೂ ಕೈಯಿಂದ ಮೇಲಕ್ಕೆ ಎಳೆಯಿರಿ. ಒಂದೇ ಸಮನೆ ಬಲ ಏರಿಸುತ್ತ ಹೋದರೆ 'ಟಕ್' ಅಂತ ಬಂದೂಕಿನಂಥ ಸದ್ದು ಬರುತ್ತದೆ. ಮುರಿಯಿತು ಅಂತ ಹೆದರಬೇಡಿ, ಬಿಟ್ಟುಕೊಟ್ಟಿತು ಅಂತಲೇ ಅರ್ಥ. 24 ಇಂಚಿಗೂ ಜಗ್ಗದಿದ್ದರೆ ಪೈಪ್ ತೂರಿಸಿ ಒಂದು ಮೀಟರ್ ಮಾಡಿಕೊಳ್ಳಬಹುದು. ಪೈಪು ಬಾರಿನ ಮೇಲೆ ಕನಿಷ್ಠ ಒಂದಡಿಯಾದರೂ ಒಳಗೆ ಹೋಗಿರಬೇಕು.

ಸಾಕೆಟ್ ವಿಷಯದಲ್ಲಿ ರಾಜಿ ಬೇಡ. 12 ಪಾಯಿಂಟ್ ಸಾಕೆಟ್ ಬೋಲ್ಟಿನ ಮೂಲೆಯನ್ನು ಹಿಡಿಯುತ್ತದೆ, 6 ಪಾಯಿಂಟ್ ಸಾಕೆಟ್ ಪಕ್ಕವನ್ನು ಹಿಡಿಯುತ್ತದೆ. ಇಷ್ಟು ಉದ್ದದ ಬಾರಿನ ಜತೆ 12 ಪಾಯಿಂಟ್ ಹಾಕಿದರೆ ತಲೆ ರೌಂಡ್ ಆಯಿತೆಂದೇ ಲೆಕ್ಕ.

ಇನ್ನು ಹೆಡರ್ ನಟ್ಟು. ಇಲ್ಲಿ ಬಾರು ಪೆಟ್ಟಿಗೆಯಲ್ಲೇ ಇರಲಿ. ಎಂಜಿನ್ನಿನ ಮೇಲ್ಭಾಗವಾದ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಉಕ್ಕಿನ ಸ್ಟಡ್, ಅದರ ಮೇಲೆ ಬಿಸಿ, ತೇವ. ತುಕ್ಕು ಥ್ರೆಡ್ಡಿನೊಳಗೇ ಬೆಳೆದು ಎರಡನ್ನೂ ಒಂದು ಮಾಡಿರುತ್ತದೆ. ಹಿಂದಿನ ರಾತ್ರಿ ಪೆನಿಟ್ರೇಟಿಂಗ್ ಆಯಿಲ್ (ಥ್ರೆಡ್ಡಿನೊಳಗೆ ಇಳಿಯುವ ತೆಳು ಎಣ್ಣೆ) ಬಿಡಿ, ಬೆಳಗ್ಗೆ ಮತ್ತೊಮ್ಮೆ. ಮಾಮೂಲಿ ನೀಲಿ ಡಬ್ಬಿಯ ಡಬ್ಲ್ಯೂಡಿ-40 ಮೂಲತಃ ತೇವ ಓಡಿಸಲು ಮಾಡಿದ್ದು. ಕಚ್ಚಿದ ಥ್ರೆಡ್ಡಿಗೆ ಪೆನಿಟ್ರೆಂಟ್ ಎಂದೇ ಬರೆದಿರುವ ಡಬ್ಬಿ ತನ್ನಿ. ಆಮೇಲೆ ಮೂರು ಸೂತದ, ಅಂದರೆ 3/8 ಇಂಚಿನ ಗಿಡ್ಡ ರಾಚೆಟ್, 12 ಎಂಎಂ 6 ಪಾಯಿಂಟ್ ಸಾಕೆಟ್. ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು ಒತ್ತಿ, ತುಕ್ಕಿನ ಹಿಡಿತ ಬಿರುಕು ಬಿಡುತ್ತದೆ. ನಂತರ ಬಿಚ್ಚುವ ಕಡೆಗೆ ಕಾಲು ಸುತ್ತು, ಹಿಂದಕ್ಕೆ ಅರ್ಧ ಕಾಲು ಸುತ್ತು, ಮತ್ತೆ ಎಣ್ಣೆ.

ಕೈಗೆ ಸಿಗುವ ಸುಳಿವು ಇಲ್ಲಿ ಎಲ್ಲಕ್ಕಿಂತ ಮುಖ್ಯ. 'ಕಿರ್' ಅಂತ ಕೂಗಿ ಜರ್ಕ್ ಹೊಡೆದು ತಿರುಗಿದರೆ ನಟ್ಟು ಬರುತ್ತಿದೆ, ಎಣ್ಣೆ ಸಾಲದು ಅಷ್ಟೆ. ಸದ್ದೇ ಇಲ್ಲದೆ, ಪಾಕಕ್ಕೆ ಬಂದ ಬೆಲ್ಲದಲ್ಲಿ ಸೌಟು ತಿರುಗಿಸಿದ ಹಾಗೆ ಮೆತ್ತಗೆ ತಿರುಗಿದರೆ ತಿರುಗುತ್ತಿರುವುದು ನಟ್ಟಲ್ಲ, ಸ್ಟಡ್ಡೇ ತಿರುಚಿಕೊಳ್ಳುತ್ತಿದೆ. ಅಲ್ಲಿಗೇ ನಿಲ್ಲಿಸಿ. ಉದ್ದದ ಬಾರಿನಲ್ಲಿ ಈ ವ್ಯತ್ಯಾಸ ಕೈಗೆ ತಲುಪುವುದೇ ಇಲ್ಲ; ಹೆಡರ್ ನಟ್ಟಿಗೆ ಅದು ಬೇಡ ಎನ್ನುವುದಕ್ಕೆ ಇದೇ ಕಾರಣ.

ನಿಲ್ಲಿಸಿದ ಮೇಲೆ ಬಿಸಿ ಕೊಡಬೇಕು. ಸಣ್ಣ ಗ್ಯಾಸ್ ಟಾರ್ಚಿನಿಂದ ನಟ್ಟನ್ನಷ್ಟೇ ಕಾಯಿಸಿ. ನಟ್ಟು ಹಿಗ್ಗಿ ಹಿಡಿತ ಸಡಿಲವಾಗುತ್ತದೆ. ಜ್ವಾಲೆ ಹೆಡ್ಡಿನ ಮೇಲೆ ನಿಲ್ಲಬಾರದು, ಯಾಕೆಂದರೆ ಅಲ್ಯೂಮಿನಿಯಂ ಕೆಂಪಾಗಿ ಎಚ್ಚರಿಕೆ ಕೊಡದೆ ಒಮ್ಮೆಲೇ ಕುಸಿಯುತ್ತದೆ. ಮೊದಲೇ ಹಾಕಿದ ಎಣ್ಣೆ ಒರೆಸಿ. ಬ್ರೇಕ್ ಕ್ಲೀನರ್ ಬಿದ್ದ ಜಾಗಕ್ಕೆ ಬೆಂಕಿ ತರಲೇಬೇಡಿ. ಕ್ಲೋರಿನ್ ಇರುವ ಕ್ಲೀನರ್ ಕಾದರೆ ಫಾಸ್ಜೀನ್ ವಿಷಾನಿಲ ಹುಟ್ಟುತ್ತದೆ. ಸ್ಟಡ್ ತುಂಡಾಗಿ ಹೊರಗೆ ಸ್ವಲ್ಪ ಉಳಿದಿದ್ದರೆ ಅದರ ಮೇಲೆ ನಟ್ಟು ವೆಲ್ಡ್ ಮಾಡಿಸುವುದು ಅತ್ಯುತ್ತಮ ದಾರಿ. ಈಜಿ-ಔಟ್ (ಮುರಿದ ಸ್ಟಡ್ಡನ್ನು ಹೊರಗೆ ತಿರುಗಿಸುವ ಹತ್ಯಾರ) ತೂರಿಸಿ ಅದೂ ಒಳಗೆ ಮುರಿದರೆ, ಆ ಗಡಸು ಉಕ್ಕನ್ನು ಮಾಮೂಲಿ ಡ್ರಿಲ್ ಬಿಟ್ ಕೊರೆಯುವುದಿಲ್ಲ.

ಬಾಳಿಕೆಗೆ ಬರೋಣ. ಮೂರು ವರ್ಷದಲ್ಲಿ ಕೋಲು ಬಾಗಿಲ್ಲ. ಸವೆದದ್ದು ತಲೆ: ಕೀಲಿನ ಪಿನ್ ಒಂದು ಕಡೆಗೆ ಇಣುಕತೊಡಗಿತ್ತು, ಸುತ್ತಿಗೆಯಿಂದ ಒಳಗೆ ಕೂರಿಸಿ ಎರಡೂ ತುದಿ ಬಡಿದ ಮೇಲೆ ಮತ್ತೆ ಸರಿದಿಲ್ಲ. ಸಾಕೆಟ್ ಹಿಡಿಯುವ ಗುಂಡು ಸಡಿಲವಾಗಿ, ಎಂಜಿನ್ ಬೇಯಲ್ಲಿ ಸಾಕೆಟ್ ಉದುರಿಸುತ್ತದೆ. ಚೌಕದ ಅಂಚುಗಳನ್ನು ಆಗಾಗ ಬೆಳಕಿಗೆ ಹಿಡಿದು ನೋಡುತ್ತಿರಿ. ನೇರವಿದ್ದ ಅಂಚು ಹಗ್ಗದಂತೆ ಹೊಸೆದುಕೊಂಡಿದ್ದರೆ ಮುಂದಿನ ಸಲ ಅದು ಮುರಿಯುತ್ತದೆ, ಆ ದಿನವೇ ಬದಲಿಸಿ. ಬಿಗಿಯಲು ಈ ಬಾರನ್ನು ಬಳಸಲೇಬೇಡಿ, ಅದು ಬಲ ಅಳೆದು ಬಿಗಿಯುವ ಟಾರ್ಕ್ ರೆಂಚಿನ ಕೆಲಸ.

ಬೆಂಗಳೂರಿನ ಎಸ್‌ಜೆಪಿ ರಸ್ತೆಯಂಥ ಕಡೆ ಕೊಳ್ಳುವುದಾದರೆ ನಿಮ್ಮದೇ 19 ಎಂಎಂ ಸಾಕೆಟ್ ಜತೆಗೆ ಒಯ್ಯಿರಿ. ಸಿಕ್ಕಿಸಿ, ತಲೆಕೆಳಗೆ ಹಿಡಿದು ಅಲ್ಲಾಡಿಸಿ. ಸಾಕೆಟ್ ಬೀಳಬಾರದು, ತಲೆ ಅಕ್ಕಪಕ್ಕಕ್ಕೆ ಲೊಡಲೊಡ ಅನ್ನಬಾರದು.