ನವಣೆಗೆ ಹುಳು, ರಾಗಿಗೆ ಗಿರಣಿಯ ಸರದಿ

ನಮ್ಮ ಮನೆಯಲ್ಲಿ ಗೆದ್ದದ್ದು ರಾಗಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನವಣೆಯ ಬಗ್ಗೆ ಬರೆದಿರುವುದರಲ್ಲಿ ಸ್ವಲ್ಪ ಸಿಟ್ಟು ಬೆರೆತಿದೆ. ರಕ್ತದಲ್ಲಿ ಸಕ್ಕರೆ ಗೆರೆಯ ಮೇಲೆ ನಿಂತಿದೆ, ಬಿಳಿ ಅಕ್ಕಿ, ಮೈದಾ ತಗ್ಗಿಸಿ ಎಂದು ವೈದ್ಯರು ಹೇಳಿದ ಮೇಲೆ ಮೂರನ್ನು ತಂದು ತಿಂದು ನೋಡಿದೆ: ಬಹುಧಾನ್ಯ ಹಿಟ್ಟಿನ ಡಬ್ಬಿ, ಪಾಲಿಷ್ ಮಾಡದ ನವಣೆ ಅಕ್ಕಿ, ಕಾಳು ತಂದು ಬೀಸಿಸಿದ ರಾಗಿ.

ಡಬ್ಬಿಯ ಕಥೆ ಚಿಕ್ಕದು. ಮುಂದೆ ಹದಿನೆಂಟು ಧಾನ್ಯಗಳ ಚಿತ್ರ; ಹಿಂದಿನ ಪಟ್ಟಿಯಲ್ಲಿ ಗೋಧಿ ಮೊದಲು, ಸಕ್ಕರೆ ಎರಡನೆಯದು. ತೂಕ ಹೆಚ್ಚಿರುವುದನ್ನೇ ಮೊದಲು ಬರೆಯಬೇಕೆಂಬ ನಿಯಮ ನನಗೆ ನೆನಪಾದದ್ದು ದುಡ್ಡು ಕೊಟ್ಟ ಮೇಲೆ.

ನವಣೆ ರುಚಿಯಲ್ಲಿ ಸೋಲಲಿಲ್ಲ. ರಾತ್ರಿ ನೆನೆಸಿಟ್ಟರೆ ಬೆಳಗಿನ ಬಿಸಿಬೇಳೆಬಾತಿಗೆ ಅಕ್ಕಿಗಿಂತ ಚೆನ್ನಾಗಿಯೇ ಹೊಂದುತ್ತದೆ. ನೆನೆಸುವುದನ್ನು ವಾರಕ್ಕೆ ಮೂರು ಸಲ ಮರೆಯುವುದು ನನ್ನ ತಪ್ಪು, ಅದರದ್ದಲ್ಲ. ಮೊದಲ ಸಲ ತಂದದ್ದು ಬೆಳ್ಳಗೆ ಹೊಳೆಯುತ್ತಿತ್ತು. ಅದರ ತವುಡೆಲ್ಲ ಉಜ್ಜಿ ಹೋಗಿದೆ, ಹಾಗಿದ್ದರೆ ಬಿಳಿ ಅಕ್ಕಿ ಬಿಟ್ಟು ಏನು ಸಾಧಿಸಿದ ಹಾಗಾಯಿತು ಎಂದು ಪರಿಚಯದ ರೈತರೊಬ್ಬರು ನಕ್ಕರು. ಆ ಅವಮಾನಕ್ಕೆ ಎರಡನೆಯ ಸಲ ಮಂಕು ಬಣ್ಣದ, ತವುಡು ಉಳಿದ ನವಣೆಯನ್ನೇ ಹುಡುಕಿ, ಕಿಲೋಗೆ ನೂರಹತ್ತು ರೂಪಾಯಿಯಂತೆ ಐದು ಕಿಲೋ ಹೊತ್ತು ತಂದೆ.

ಎರಡು ತಿಂಗಳು ಕಳೆದಿರಲಿಲ್ಲ. ಡಬ್ಬದ ಮುಚ್ಚಳ ತೆಗೆದರೆ ಕಾಳುಗಳನ್ನು ಪೋಣಿಸಿದಂತೆ ಬಿಳಿಯ ನೂಲು, ನೂಲಿನೊಳಗೆ ಹುಳು. ಹುಳುವಾದರೂ ಹೋಗಲಿ, ಜರಡಿ ಹಿಡಿದು ಬಿಸಿಲಿಗೆ ಹಾಕಿದೆ. ಕಮಟು ವಾಸನೆ ಮಾತ್ರ ಹೋಗಲಿಲ್ಲ. ತವುಡಿನಲ್ಲಿ, ಮೊಳಕೆಯ ಭಾಗದಲ್ಲಿ ಎಣ್ಣೆ ಇರುತ್ತದೆ. ಸಿಪ್ಪೆಯ ಕವಚ ಕಳಚಿದ ಮೇಲೆ ಅದು ಗಾಳಿಗೆ ಕೆಡುತ್ತದೆ. ಅಂಗಡಿಯವರನ್ನು ಕೇಳಿದರೆ, "ಹುಳು ಬಿದ್ದಿದೆ ಎಂದರೆ ಅಸಲಿ ಮಾಲು" ಎಂದು ನನ್ನನ್ನೇ ಅಭಿನಂದಿಸುವ ಧಾಟಿಯಲ್ಲಿ ಉತ್ತರಿಸಿದರು. ಅವರ ಮಾತು ಪೂರ್ತಿ ಸುಳ್ಳಲ್ಲ ಎಂಬುದೇ ಹೆಚ್ಚು ಕೆರಳಿಸಿತು. ಫ್ರಿಜ್‌ನಲ್ಲಿಡಿ ಎಂದೂ ಸಲಹೆ ಕೊಟ್ಟರು. ನಮ್ಮ ಫ್ರಿಜ್‌ನಲ್ಲಿ ಐದು ಕಿಲೋ ನವಣೆಗೆ ಜಾಗ ಮಾಡಿದರೆ ಹಾಲು, ಮೊಸರು, ಸೊಪ್ಪು ಹೊರಗೆ ನಿಲ್ಲಬೇಕು. ಮೂರು ಕಿಲೋ ಪಾರಿವಾಳಗಳ ಪಾಲಾಯಿತು.

ರಾಗಿಯಲ್ಲಿ ಈ ಪಾಲಿಷ್ ಪಂಚಾಯಿತಿಯೇ ಇಲ್ಲ. ಅದರ ಒಳಗಿನ ಹಿಟ್ಟು ಮೃದು, ಹೊಟ್ಟು ಅದಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಅಕ್ಕಿಯಂತೆ ಉಜ್ಜಲು ಹೋದರೆ ಕಾಳೇ ಪುಡಿಯಾಗುತ್ತದೆ. ಹಾಗಾಗಿ ಬೀಸಿದರೆ ಹೊಟ್ಟು ಸಮೇತ ಹಿಟ್ಟಾಗುತ್ತದೆ. ನುಣುಪಿಗಾಗಿ ಜರಡಿ ಹಿಡಿದು ಹೊಟ್ಟು ಚೆಲ್ಲಿದರೆ ಅದು ನಮ್ಮದೇ ತಪ್ಪು. ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನವಣೆಯಲ್ಲಿ ಅದರ ಹತ್ತನೆಯ ಒಂದು ಭಾಗವೂ ಇಲ್ಲ. ಇನ್ನು ಬಾಳಿಕೆ: ಹಳೆಯ ಕಾಲದವರು ಹಗೇವಿನಲ್ಲಿ, ಅಂದರೆ ಧಾನ್ಯ ತುಂಬಿಡುವ ನೆಲದಡಿಯ ಗುಂಡಿಯಲ್ಲಿ, ವರ್ಷಗಟ್ಟಲೆ ಕಾಪಿಡುತ್ತಿದ್ದದ್ದು ಇದೇ ರಾಗಿಯನ್ನು. ನನ್ನ ಹತ್ತು ಕಿಲೋ ಚೀಲ ಮೂಲೆಯಲ್ಲಿ ಏಳು ತಿಂಗಳಿಂದ ನಿಂತಿದೆ, ಒಂದು ಹುಳುವೂ ಇಣುಕಿಲ್ಲ.

ಕಷ್ಟ ಇಲ್ಲವೆಂದಲ್ಲ. ಕಲ್ಲು, ಮಣ್ಣು ಹೋಗಲು ಜಾಲಿಸಿ ಒಣಗಿಸಬೇಕು. ಗಿರಣಿಯಲ್ಲಿ ನನಗಿಂತ ಮುಂಚಿನವರು ಮೆಣಸಿನಕಾಯಿ ಬೀಸಿಸಿದ್ದರೆ ಅಂದಿನ ಗಂಜಿಗೆ ಉಪ್ಪಿನ ಜೊತೆ ಖಾರವೂ ಸೇರುತ್ತದೆ. ಒಮ್ಮೆ ಹಾಗಾದ ಮೇಲೆ ಗೋಧಿಯವರ ಹಿಂದೆಯೇ ನಿಲ್ಲುತ್ತೇನೆ. ಒಂದು ತಿಂಗಳಿಗಾಗುವಷ್ಟು ಮಾತ್ರ ಬೀಸಿಸುತ್ತೇನೆ, ಹಿಟ್ಟು ಹಳಸುವುದಿಲ್ಲ.

ಕಾಳಿಗೆ ಕಿಲೋಗೆ ನಲವತ್ತೆಂಟು ರೂಪಾಯಿ ಕೊಟ್ಟೆ, ಬೀಸುವ ಕೂಲಿ ಬೇರೆ. ಕಚೇರಿಯಿಂದ ಏಳಕ್ಕೆ ಬಂದು ಎಂಟರೊಳಗೆ ಮುದ್ದೆ, ಬಸ್ಸಾರು ಆಗುತ್ತದೆ. ನೆನೆಸುವ ನೆನಪು ಬೇಕಿಲ್ಲ. ಮುದ್ದೆ ತಿರುವಲು ರಟ್ಟೆ ಬೇಕು ಎನ್ನುವವರು ರೊಟ್ಟಿ ತಟ್ಟಬಹುದು. ನವಣೆಯನ್ನು ಪೂರ್ತಿ ಬಿಟ್ಟಿಲ್ಲ, ಭಾನುವಾರದ ಉಪ್ಪಿಟ್ಟಿಗೆ ತರುತ್ತೇನೆ. ಅರ್ಧ ಕಿಲೋ ಮಾತ್ರ.